ಹಳೆಯ ಪ್ರಿಂಟರ್, ತೂಕದ ಯಂತ್ರ ಹೊಸ ವಿಂಡೋಸ್‌ಗೆ ಹೊಂದುತ್ತವೆಯೇ?

ಪ್ರಶ್ನೆ: ತಿಪಟೂರಿನ ಎಪಿಎಂಸಿ ಯಾರ್ಡಿನಲ್ಲಿ ನಮ್ಮದೊಂದು ಕೊಬ್ಬರಿ ಮಂಡಿ ಇದೆ. 2011ರಲ್ಲಿ ಕೊಂಡ, 32 ಬಿಟ್ ವಿಂಡೋಸ್ 7 ಇರುವ ಕಂಪ್ಯೂಟರಿನಲ್ಲೇ ಇಲ್ಲಿಯವರೆಗೆ ಬಿಲ್ ಹಾಕುತ್ತಿದ್ದೆವು. ಅದಕ್ಕೆ ದಪ್ಪ ಕೇಬಲ್ಲಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್, ಒಂಬತ್ತು ಪಿನ್ನಿನ ವೈರಿನ ಎಲೆಕ್ಟ್ರಾನಿಕ್ ತೂಕದ ಯಂತ್ರ ಮತ್ತು ಒಂದು ಯುಎಸ್‌ಬಿ ಸ್ಕ್ಯಾನರ್ ಜೋಡಿಸಿದ್ದೇವೆ. ಬಿಲ್ಲಿನ ಪ್ರೋಗ್ರಾಮ್ ಫಾಕ್ಸ್‌ಪ್ರೋ ಎಂಬ ಹಳೆಯ ಡೇಟಾಬೇಸ್ ತಂತ್ರಾಂಶದಲ್ಲಿ ಬರೆಸಿದ್ದು. ಈಗ ವಿಂಡೋಸ್ 11 ಇರುವ ಹೊಸ ಡೆಸ್ಕ್‌ಟಾಪ್ ತಂದಿದ್ದೇವೆ. ಅದರ ಹಿಂಭಾಗದಲ್ಲಿ ಈ ಕೇಬಲ್‌ಗಳಿಗೆ ಜಾಗವೇ ಇಲ್ಲ, ಸ್ಕ್ಯಾನರನ್ನು ಅದು ಗುರುತಿಸುತ್ತಿಲ್ಲ. ಕಂಪ್ಯೂಟರ್ ಜೋಡಿಸಿಕೊಟ್ಟವರು ಎಲ್ಲವನ್ನೂ ಬದಲಾಯಿಸಬೇಕೆಂದರು. ಇದು ನಿಜವೇ? ಇಲ್ಲದಿದ್ದರೆ ಹಳೆಯ ಕಂಪ್ಯೂಟರಿಗೇ ವಿಂಡೋಸ್ 11 ಹಾಕಿಕೊಳ್ಳಬಹುದೇ?

ಉತ್ತರ: ಎಲ್ಲವನ್ನೂ ಬದಲಾಯಿಸಬೇಕೆಂಬುದು ನಿಜವಲ್ಲ. ನಿಮ್ಮ ಪ್ರಿಂಟರ್ ಮತ್ತು ತೂಕದ ಯಂತ್ರ ಎರಡನ್ನೂ ವಿಂಡೋಸ್ 11ಕ್ಕೆ ಜೋಡಿಸಲು ಸಾಧ್ಯವಿದೆ, ಅದಕ್ಕೆ ತಗಲುವ ಖರ್ಚು ಮುಖ್ಯವಾಗಿ ಎರಡು ಕೇಬಲ್‌ಗಳದ್ದು. ಬಿಲ್ಲಿನ ಪ್ರೋಗ್ರಾಮನ್ನು ಸ್ವಲ್ಪ ಸುತ್ತುದಾರಿಯಿಂದ ನಡೆಸಬೇಕಾಗಬಹುದು. ಸ್ಕ್ಯಾನರ್ ಒಂದೇ ಅನುಮಾನದ ವಸ್ತು. ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಹಾಕುವ ಯೋಚನೆಯನ್ನು ಬಿಡುವುದು ಮೇಲು, ಆದರೆ ಆ ಕಂಪ್ಯೂಟರನ್ನು ಸದ್ಯಕ್ಕೆ ಗುಜರಿಗೆ ಹಾಕಬೇಡಿ. ಯಾವುದಕ್ಕೂ ಕೈಹಾಕುವ ಮೊದಲು ಬಿಲ್ಲಿನ ಪ್ರೋಗ್ರಾಮ್ ಇರುವ ಫೋಲ್ಡರನ್ನು, ಲೆಕ್ಕದ ಮಾಹಿತಿ ಇರುವ ಅದರೊಳಗಿನ ಡಿಬಿಎಫ್ ಕಡತಗಳ ಸಮೇತ, ಎರಡು ಬೇರೆ ಬೇರೆ ಪೆನ್‌ಡ್ರೈವ್‌ಗಳಿಗೆ ನಕಲು ಮಾಡಿಕೊಳ್ಳಿ. ಪ್ರಿಂಟರ್ ಹೋದರೆ ಮತ್ತೊಂದು ಸಿಗುತ್ತದೆ, ರೈತರ ಬಾಕಿ ಲೆಕ್ಕ ಹೋದರೆ ಸಿಗುವುದಿಲ್ಲ.

ಹಳೆಯ ಸಾಧನವೊಂದು ಹೊಸ ಕಂಪ್ಯೂಟರಿನಲ್ಲಿ ನಡೆಯದಿದ್ದಾಗ ಜನ ಸಾಮಾನ್ಯವಾಗಿ ಸಾಧನವೇ ಹಳತಾಯಿತು ಎನ್ನುತ್ತಾರೆ. ವಾಸ್ತವದಲ್ಲಿ ಸಾಧನ ನಿನ್ನೆ ಮಾಡುತ್ತಿದ್ದ ಕೆಲಸವನ್ನೇ ಇಂದೂ ಮಾಡಬಲ್ಲದು, ಕೊಂಡಿ ಕಳಚಿರುವುದು ನಡುವೆ ಎಲ್ಲೋ ಒಂದು ಕಡೆ. ಅದು ಕೇಬಲ್ ಸಿಕ್ಕಿಸುವ ಜಾಗವಿರಬಹುದು, ಸಾಧನದೊಂದಿಗೆ ಮಾತಾಡಲು ವಿಂಡೋಸ್‌ಗೆ ಬೇಕಾದ ಡ್ರೈವರ್ ಎಂಬ ತಂತ್ರಾಂಶವಿರಬಹುದು, ಅಥವಾ ಸಾಧನವನ್ನು ಬಳಸುವ ಪ್ರೋಗ್ರಾಮ್ ಇರಬಹುದು. ನಿಮ್ಮಲ್ಲಿ ಈ ಮೂರೂ ಒಟ್ಟಿಗೇ ಎದುರಾಗಿರುವುದರಿಂದ ಎಲ್ಲವೂ ಕೆಟ್ಟಂತೆ ಕಾಣುತ್ತಿದೆ.

ಇವುಗಳಲ್ಲಿ ದೊಡ್ಡ ತೊಡಕು ಡ್ರೈವರಿನದು. ಡ್ರೈವರ್ ಎಂಬುದು ವಿಂಡೋಸ್‌ನ ಒಳಭಾಗಕ್ಕೇ ಸೇರಿಕೊಂಡು ಕೆಲಸ ಮಾಡುವ ತಂತ್ರಾಂಶವಾದ್ದರಿಂದ, ಹಳೆಯ ಬಗೆಯ 32 ಬಿಟ್ ವಿಂಡೋಸ್‌ಗೆಂದು ಬರೆದ ಡ್ರೈವರ್ ಈಗಿನ 64 ಬಿಟ್ ವಿಂಡೋಸ್‌ನಲ್ಲಿ ಯಾವ ಉಪಾಯದಿಂದಲೂ ನಡೆಯುವುದಿಲ್ಲ. ಸಾಮಾನ್ಯ ಪ್ರೋಗ್ರಾಮುಗಳಿಗೆ ಇರುವ ಹೊಂದಾಣಿಕೆಯ ಸೌಲಭ್ಯ ಡ್ರೈವರ್‌ಗಳಿಗೆ ಇಲ್ಲ. ವಿಂಡೋಸ್ 10ರವರೆಗೆ 32 ಬಿಟ್ ಆವೃತ್ತಿಯೂ ಇತ್ತು, 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ಕ್ಕೆ ಆ ಆವೃತ್ತಿಯೇ ಇಲ್ಲ. ಇದಲ್ಲದೆ 64 ಬಿಟ್ ವಿಂಡೋಸ್‌ನಲ್ಲಿ ವಿಸ್ಟಾ ಕಾಲದಿಂದಲೇ ಡ್ರೈವರಿಗೆ ಡಿಜಿಟಲ್ ಸಹಿ ಇರಬೇಕೆಂಬ ನಿಯಮ ಬಂದಿತು, 2016ರ ನಂತರ ಅದು ಇನ್ನಷ್ಟು ಬಿಗಿಯಾಯಿತು. ಆದ್ದರಿಂದ ಹಳೆಯ ಸಿಡಿಯಲ್ಲಿರುವ ಡ್ರೈವರನ್ನು ಹೊಸ ಕಂಪ್ಯೂಟರಿಗೆ ಹಾಕಲು ಹೊರಟು ಸಮಯ ಕಳೆಯಬೇಡಿ.

ಹಾಗಾದರೆ ಯಾವ ಸಾಧನ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದನ್ನು ತಿಳಿಯುವುದು ಹೇಗೆ? ನಾನು ಮೊದಲು ನೋಡುವುದು, ಆ ಸಾಧನಕ್ಕೆ ತನ್ನದೇ ಬುದ್ಧಿ ಇದೆಯೇ ಅಥವಾ ಬುದ್ಧಿಯೆಲ್ಲ ಡ್ರೈವರಿನಲ್ಲಿದೆಯೇ ಎಂಬುದನ್ನು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನೊಳಗೆ ಇಂಗ್ಲಿಷ್ ಅಕ್ಷರಗಳ ರೂಪ ಅಚ್ಚಾಗಿಯೇ ಇರುತ್ತದೆ. ಕಂಪ್ಯೂಟರ್ ಬರಿಯ ಅಕ್ಷರಗಳನ್ನು ಕಳುಹಿಸಿದರೂ ಅದು ಮುದ್ರಿಸುತ್ತದೆ. ಇಎಸ್‌ಸಿ/ಪಿ ಎಂಬ ಎಪ್ಸನ್ ಕಂಪನಿಯ ಆಜ್ಞಾಭಾಷೆಯನ್ನು ಬೇರೆ ಕಂಪನಿಗಳೂ ತಮ್ಮ ಪ್ರಿಂಟರ್‌ಗಳಿಗೆ ಕಲಿಸಿದ್ದರಿಂದ, ಮಾದರಿ ಯಾವುದಾದರೂ ಕೆಲಸ ಸಾಗುತ್ತದೆ. ಟಿವಿಎಸ್‌ನ ಎಂಎಸ್‌ಪಿ ಮಾದರಿಗಳೂ ಈ ಭಾಷೆಯನ್ನು ಬಲ್ಲವು. ಆ ಕಂಪನಿಯ ತಯಾರಿಕಾ ಘಟಕ ನಮ್ಮ ತುಮಕೂರಿನಲ್ಲೇ ಇರುವುದರಿಂದ ನಿಮ್ಮ ಮಂಡಿಯ ಪ್ರಿಂಟರ್ ಇದೇ ಜಿಲ್ಲೆಯಲ್ಲಿ ಹುಟ್ಟಿದ್ದರೂ ಆಶ್ಚರ್ಯವಿಲ್ಲ. ತೂಕದ ಯಂತ್ರವೂ ಇಂಥದೇ: ಡ್ರೈವರಿನ ಹಂಗಿಲ್ಲದೆ ಅಂಕಿಗಳನ್ನು ಸಾಲಾಗಿ ಕಳುಹಿಸುತ್ತಿರುತ್ತದೆ. ಕಡಿಮೆ ಬೆಲೆಯ ಹಲವು ಲೇಸರ್ ಪ್ರಿಂಟರ್‌ಗಳು ಮತ್ತು ಬಹುತೇಕ ಯುಎಸ್‌ಬಿ ಸ್ಕ್ಯಾನರ್‌ಗಳು ಇದಕ್ಕೆ ವಿರುದ್ಧ. ಅವುಗಳ ಭಾಷೆ ಅವುಗಳ ಕಂಪನಿಯ ಡ್ರೈವರಿಗೆ ಮಾತ್ರ ಗೊತ್ತು, ಕಂಪನಿ ಡ್ರೈವರ್ ಬರೆಯುವುದನ್ನು ನಿಲ್ಲಿಸಿದ ದಿನ ಸಾಧನದ ಆಯುಷ್ಯವೂ ಮುಗಿದಂತೆ.

ಈಗ ಪ್ರಿಂಟರಿಗೆ ಬರೋಣ. ಮೂರು ಪ್ರತಿ ಕಾರ್ಬನ್ ಬಿಲ್ಲಿಗೆ ಪಿನ್ನಿನಿಂದ ಬಡಿದು ಮುದ್ರಿಸುವ ಯಂತ್ರವೇ ಬೇಕು. ಲೇಸರ್ ಅಥವಾ ಇಂಕ್‌ಜೆಟ್‌ನಲ್ಲಿ ಕೆಳಗಿನ ಪ್ರತಿಗಳು ಮೂಡುವುದಿಲ್ಲ. ಆದ್ದರಿಂದ ಇದನ್ನು ಉಳಿಸಿಕೊಳ್ಳುವುದು ಲಾಭವೇ. ನಿಮ್ಮದು ಡೆಸ್ಕ್‌ಟಾಪ್ ಆದ ಕಾರಣ ಮೊದಲು ಅದರ ಮದರ್‌ಬೋರ್ಡಿನ ಕೈಪಿಡಿಯನ್ನು ನೋಡಿ. ಹಿಂಭಾಗದಲ್ಲಿ ಸಾಕೆಟ್ ಇಲ್ಲದಿದ್ದರೂ ಬೋರ್ಡಿನ ಮೇಲೆ ಎಲ್‌ಪಿಟಿ (ಪ್ರಿಂಟರಿನ ಪ್ಯಾರಲಲ್ ಪೋರ್ಟ್) ಅಥವಾ ಕಾಮ್ (ತೂಕದ ಯಂತ್ರದ ಸೀರಿಯಲ್ ಪೋರ್ಟ್) ಎಂದು ಗುರುತಿಸಿದ ಪಿನ್ನುಗಳ ಸಾಲು ಇಂದಿಗೂ ಅನೇಕ ಮಾದರಿಗಳಲ್ಲಿ ಇರುತ್ತದೆ. ಅದಕ್ಕೆ ಹೊಂದುವ ಬ್ರಾಕೆಟ್ ಕೇಬಲ್ ಹಾಕಿದರೆ ಹಳೆಯ ಕಂಪ್ಯೂಟರಿನಲ್ಲಿದ್ದಂಥದೇ ಪೋರ್ಟ್ ಸಿಗುತ್ತದೆ. ಜೋಡಿಸಿಕೊಡುವವರು ಇದನ್ನು ಹೇಳುವುದು ಅಪರೂಪ. ಆ ಪಿನ್ನುಗಳು ಇಲ್ಲದಿದ್ದರೆ ಮದರ್‌ಬೋರ್ಡಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಪ್ಯಾರಲಲ್ ಕಾರ್ಡ್ ಹಾಕಿಸಬಹುದು. ಎರಡೂ ಬೇಡವೆಂದರೆ ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ಪ್ರಿಂಟರಿಗೆ ಸಿಕ್ಕುವ 36 ಪಿನ್ನಿನ ಸೆಂಟ್ರಾನಿಕ್ಸ್ ಕನೆಕ್ಟರ್ ಇರುವ ಕೇಬಲ್ ಸಾಕು.

ಈ ಕೇಬಲ್ ವಿಷಯದಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಆಗುತ್ತದೆ. ಯುಎಸ್‌ಬಿ ಕೇಬಲ್ ಸಿಕ್ಕಿಸಿದಾಗ ಎಲ್‌ಪಿಟಿ1 ಎಂಬ ಪೋರ್ಟ್ ಹುಟ್ಟುವುದಿಲ್ಲ. ಯುಎಸ್‌ಬಿ001 ಎಂಬ ಹೆಸರಿನ ಬೇರೊಂದು ಪೋರ್ಟ್ ಹುಟ್ಟುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಹೆಸರು ತಾನಾಗಿಯೇ ಪರದೆಯ ಮೇಲೆ ಬಾರದಿರಬಹುದು, ಆದ್ದರಿಂದ ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರನ್ನು ಕೈಯಾರೆ ಸೇರಿಸಿ, ಪೋರ್ಟ್ ಕೇಳಿದಾಗ ಯುಎಸ್‌ಬಿ001 ಆರಿಸಿಕೊಳ್ಳಿ. ಡ್ರೈವರ್ ಕೇಳಿದಾಗ ನಿಮ್ಮ ಮಾದರಿಯ 64 ಬಿಟ್ ಡ್ರೈವರ್ ಕಂಪನಿಯ ತಾಣದಲ್ಲಿ ಸಿಕ್ಕಿದ್ದರೆ ಅದನ್ನು ಕೊಡಿ. ಸಿಗದಿದ್ದರೆ ವಿಂಡೋಸ್‌ನ ಜೊತೆಗೇ ಬರುವ ಜೆನೆರಿಕ್ ಟೆಕ್ಸ್ಟ್ ಓನ್ಲಿ ಡ್ರೈವರನ್ನು ಆರಿಸಿ ಒಂದು ಪುಟ ಮುದ್ರಿಸಿ ನೋಡಿ. ಪುಟ ಬಂದರೆ ಕೇಬಲ್ಲೂ ಪ್ರಿಂಟರೂ ಸರಿಯಿವೆ ಎಂದು ಖಚಿತವಾಗುತ್ತದೆ.

ಟೆಕ್ಸ್ಟ್ ಓನ್ಲಿ ಡ್ರೈವರಿನಲ್ಲಿ ಮುದ್ರಣ ಬಹಳ ಬೇಗ ಆಗುತ್ತದೆ, ಆದರೆ ಅದರಲ್ಲಿ ಕನ್ನಡ ಬರುವುದಿಲ್ಲ. ಪ್ರಿಂಟರಿನೊಳಗೆ ಕನ್ನಡ ಅಕ್ಷರಗಳ ರೂಪ ಇಲ್ಲದಿರುವುದೇ ಇದಕ್ಕೆ ಕಾರಣ. ರೈತರ ಹೆಸರು, ಊರು ಕನ್ನಡದಲ್ಲೇ ಬರಬೇಕೆಂದರೆ ಅಕ್ಷರವನ್ನು ಚಿತ್ರವಾಗಿ ಕಳುಹಿಸುವ ಗ್ರಾಫಿಕ್ಸ್ ಡ್ರೈವರ್ ಬೇಕು. ನಿಮ್ಮ ಪ್ರಿಂಟರಿನ ಕಂಪನಿಯ ಡ್ರೈವರ್ ಸಿಗದಿದ್ದರೂ ಎಪ್ಸನ್‌ನ ಒಂಬತ್ತು ಪಿನ್ನಿನ ಯಾವುದಾದರೂ ಮಾದರಿಯ ಡ್ರೈವರ್ ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಆಗ ಮುದ್ರಣ ಎದ್ದು ಕಾಣುವಷ್ಟು ನಿಧಾನವಾಗುತ್ತದೆ. ಹರಾಜಿನ ದಿನ ಬಿಲ್ಲಿಗಾಗಿ ಜನ ಸಾಲುಗಟ್ಟಿ ನಿಂತಿರುವಾಗ ಇದು ಸಣ್ಣ ವಿಷಯವಲ್ಲ. ಇಂಗ್ಲಿಷ್ ಬಿಲ್ಲಿಗೆ ಒಂದು, ಕನ್ನಡ ಬಿಲ್ಲಿಗೆ ಒಂದು ಎಂದು ಒಂದೇ ಪ್ರಿಂಟರನ್ನು ಎರಡು ಹೆಸರುಗಳಲ್ಲಿ ಎರಡು ಡ್ರೈವರ್‌ಗಳೊಂದಿಗೆ ಸೇರಿಸಿಕೊಳ್ಳಲು ವಿಂಡೋಸ್‌ನಲ್ಲಿ ಅಡ್ಡಿಯಿಲ್ಲ.

ಬಿಲ್ಲಿನಿಂದ ಬಿಲ್ಲಿಗೆ ಅಕ್ಷರಗಳು ಮೇಲೆಯೋ ಕೆಳಗೋ ಸರಿಯುತ್ತ ಹೋದರೆ ಪ್ರಿಂಟರ್ ಕೆಟ್ಟಿದೆ ಎಂದುಕೊಳ್ಳಬೇಡಿ. ವಿಂಡೋಸ್ ತಾನಾಗಿಯೇ ಎ4 ಅಥವಾ ಲೆಟರ್ ಅಳತೆಯನ್ನು ಆರಿಸಿಕೊಂಡಿರುತ್ತದೆ. ನಿಮ್ಮ ಕಾಗದವೋ ಆರು ಅಥವಾ ಹನ್ನೆರಡು ಇಂಚು ಎತ್ತರದ್ದು. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ಎಂಬಲ್ಲಿ ಹೊಸ ಫಾರ್ಮ್ ಒಂದನ್ನು ನಿಮ್ಮ ಕಾಗದದ ನಿಖರ ಅಳತೆಗೆ ಮಾಡಿಕೊಂಡು, ಪ್ರಿಂಟರಿಗೆ ಅದನ್ನೇ ಕಾಯಂ ಮಾಡಿ. ಇಂಚಿಗೆ ಆರು ಸಾಲಿನ ಲೆಕ್ಕದಲ್ಲಿ ಆರು ಇಂಚಿಗೆ 36 ಸಾಲು, ಹನ್ನೆರಡು ಇಂಚಿಗೆ 72 ಸಾಲು ಬರುತ್ತವೆ. ಪ್ರೋಗ್ರಾಮಿನಲ್ಲೂ ಇದೇ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ.

ಮುಂದಿನ ದಿನಗಳ ದೃಷ್ಟಿಯಿಂದ ಇನ್ನೊಂದು ಮಾತು. ಪ್ರಿಂಟರ್ ಕಂಪನಿಗಳ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ಕೊನೆಗೊಳಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಪ್ರಕಟಿಸಿದೆ. ಈಗಾಗಲೇ ಹಾಕಿಕೊಂಡಿರುವ ಡ್ರೈವರ್ ಇದರಿಂದ ಅಳಿಸಿಹೋಗುವುದಿಲ್ಲ, ಆದರೂ ಕೆಲಸ ಮಾಡಿದ ಡ್ರೈವರಿನ ಕಡತವನ್ನು ಪೆನ್‌ಡ್ರೈವಿನಲ್ಲಿ ಎತ್ತಿಡುವುದು ಜಾಣತನ. ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಎಂಬ ಹೊಸ ಆಯ್ಕೆಯನ್ನು ಆನ್ ಮಾಡಬೇಡಿ, ಮಾಡಿದರೆ ಇಂಥ ಡ್ರೈವರ್‌ಗಳೆಲ್ಲ ಒಮ್ಮೆಗೇ ನಿಂತುಹೋಗುತ್ತವೆ.

ಬಿಲ್ಲಿನ ಪ್ರೋಗ್ರಾಮ್ ಫಾಕ್ಸ್‌ಪ್ರೋ ಎಂದಷ್ಟೇ ಬರೆದಿದ್ದೀರಿ. ಮೌಸ್ ಬಳಸಿ ಕಿಟಕಿಗಳಲ್ಲಿ ತೆರೆಯುವ ವಿಷುಯಲ್ ಫಾಕ್ಸ್‌ಪ್ರೋ ಆಗಿದ್ದರೆ ಚಿಂತೆಯಿಲ್ಲ. ಅದರ ಕೊನೆಯ ಆವೃತ್ತಿಯಾದ 9ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2015ರಲ್ಲೇ ಮುಗಿದಿದ್ದರೂ ಅದು 32 ಬಿಟ್ ವಿಂಡೋಸ್ ಪ್ರೋಗ್ರಾಮ್ ಆದ್ದರಿಂದ ವಿಂಡೋಸ್ 11ರಲ್ಲಿ ಓಡುತ್ತದೆ. ಕಪ್ಪು ಅಥವಾ ನೀಲಿ ಪರದೆಯಲ್ಲಿ ಕೀಲಿಗಳಿಂದಲೇ ನಡೆಸುವ ಡಾಸ್ (ವಿಂಡೋಸ್‌ಗಿಂತ ಹಿಂದಿನ ವ್ಯವಸ್ಥೆ) ಫಾಕ್ಸ್‌ಪ್ರೋ ಆಗಿದ್ದರೆ ಅದು ನೇರವಾಗಿ ತೆರೆಯುವುದಿಲ್ಲ, ಏಕೆಂದರೆ ಡಾಸ್ ಪ್ರೋಗ್ರಾಮುಗಳನ್ನು ನಡೆಸುವ ಭಾಗ 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ ಇತ್ತು. ಅದನ್ನು ಡಾಸ್‌ಬಾಕ್ಸ್ ಎಕ್ಸ್ ಅಥವಾ ವಿಡಾಸ್‌ಪ್ಲಸ್ ಎಂಬ ಉಚಿತ ತಂತ್ರಾಂಶದೊಳಗೆ ನಡೆಸಬೇಕು. ಇವು ಪ್ರೋಗ್ರಾಮ್ ಎಲ್‌ಪಿಟಿ1ಕ್ಕೆ ಕಳುಹಿಸುವುದನ್ನು ಹಿಡಿದು ವಿಂಡೋಸ್ ಪ್ರಿಂಟರಿಗೆ ದಾಟಿಸುತ್ತವೆ. ಆಟಗಳಿಗೆಂದು ಮಾಡಿದ ಮೂಲ ಡಾಸ್‌ಬಾಕ್ಸ್ ಅನ್ನು ಮಾತ್ರ ವ್ಯಾಪಾರದ ಲೆಕ್ಕಕ್ಕೆ ನೆಚ್ಚಬೇಡಿ.

ವಿಷುಯಲ್ ಫಾಕ್ಸ್‌ಪ್ರೋದಲ್ಲಿ ಬರೆದಿದ್ದರೂ ಬಿಲ್ಲನ್ನು ನೇರವಾಗಿ ಎಲ್‌ಪಿಟಿ1ಕ್ಕೇ ಕಳುಹಿಸುವ ಪ್ರೋಗ್ರಾಮುಗಳು ಹಲವು. ಯುಎಸ್‌ಬಿ ಕೇಬಲ್ ಹಾಕಿದ ಮೇಲೆ ನೋಟ್‌ಪ್ಯಾಡಿನಿಂದ ಮುದ್ರಣ ಬರುತ್ತದೆ, ಬಿಲ್ಲು ಮಾತ್ರ ಬರುವುದಿಲ್ಲ ಎಂಬ ದೂರು ಹುಟ್ಟುವುದು ಇಲ್ಲಿಂದಲೇ. ಪ್ರಿಂಟರನ್ನು ಅದೇ ಕಂಪ್ಯೂಟರಿನಲ್ಲಿ ಶೇರ್ ಮಾಡಿ, ಕಮಾಂಡ್ ಪ್ರಾಂಪ್ಟಿನಲ್ಲಿ ನೆಟ್ ಯೂಸ್ ಆಜ್ಞೆಯಿಂದ ಎಲ್‌ಪಿಟಿ1 ಎಂಬ ಹೆಸರನ್ನು ಆ ಶೇರಿಗೆ ಕಾಯಂ ಆಗಿ ಕಟ್ಟಿಬಿಟ್ಟರೆ ಪ್ರೋಗ್ರಾಮಿಗೆ ಹಳೆಯ ಪೋರ್ಟೇ ಸಿಕ್ಕಂತಾಗುತ್ತದೆ. ಶೇರಿನ ಹೆಸರು ಚಿಕ್ಕದಾಗಿರಲಿ, ನಡುವೆ ಖಾಲಿ ಜಾಗ ಬೇಡ.

ತೂಕದ ಯಂತ್ರದ ಒಂಬತ್ತು ಪಿನ್ನಿನ ವೈರು ಆರ್‌ಎಸ್-232 ಎಂಬ ಸೀರಿಯಲ್ ಸಂಪರ್ಕದ್ದು. ಇದಕ್ಕೆ ಬೇಕಾದ ಯುಎಸ್‌ಬಿ ಸೀರಿಯಲ್ ಕೇಬಲ್ ತುಮಕೂರಿನ ಅಂಗಡಿಗಳಲ್ಲೂ, ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲೂ ಸಿಗುತ್ತದೆ, ಆದರೆ ಕೊಳ್ಳುವಾಗ ಅದರೊಳಗಿನ ಚಿಪ್ ಯಾವುದೆಂದು ಕೇಳಲೇಬೇಕು. ಪ್ರೊಲಿಫಿಕ್ ಕಂಪನಿಯ ಪಿಎಲ್2303 ಚಿಪ್ಪಿನ ಕೆಲವು ಹಳೆಯ ಬಗೆಗಳನ್ನು ಆ ಕಂಪನಿ 2012ರಲ್ಲಿ ನಿಲ್ಲಿಸಿತು, ಅದರ ಹೊಸ ಡ್ರೈವರ್ ಅಂಥ ಚಿಪ್ಪುಗಳನ್ನೂ ಅವುಗಳ ನಕಲಿಗಳನ್ನೂ ಬೇಕೆಂದೇ ತಿರಸ್ಕರಿಸುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತಿನೊಂದಿಗೆ, ಈ ಚಿಪ್ 2012ರಿಂದ ನಿಂತಿದೆ, ಮಾರಿದವರನ್ನು ಸಂಪರ್ಕಿಸಿ ಎಂಬರ್ಥದ ಇಂಗ್ಲಿಷ್ ಸಾಲು ಕಂಡರೆ ನಿಮಗೆ ಸಿಕ್ಕಿರುವುದು ಅದೇ ಎಂದು ತಿಳಿಯಿರಿ. ಹಳೆಯ ಡ್ರೈವರಿಗೆ ಹಿಂದಿರುಗಿ ಅದನ್ನು ನಡೆಸುವವರಿದ್ದಾರೆ. ವಿಂಡೋಸ್ ಅಪ್‌ಡೇಟ್ ಮತ್ತೆ ಹೊಸ ಡ್ರೈವರನ್ನು ತಂದು ಹಾಕಿ ಕೆಲಸ ಕೆಡಿಸುವುದರಿಂದ ಕೇಬಲ್ ಬದಲಾಯಿಸುವುದೇ ಅಗ್ಗ. ಎಫ್‌ಟಿಡಿಐ ಚಿಪ್ಪಿನ ಅಸಲಿ ಕೇಬಲ್ಲಿಗೆ ಬೆಲೆ ಹೆಚ್ಚು, ಆದರೆ ವರ್ಷಗಟ್ಟಲೆ ತಲೆನೋವಿಲ್ಲ. ಇದರಲ್ಲೂ ನಕಲಿಗಳಿವೆ: 2014ರಲ್ಲಿ ಆ ಕಂಪನಿಯ ಡ್ರೈವರೊಂದು ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಅಳಿಸಿಹಾಕಿ ದೊಡ್ಡ ಗದ್ದಲವಾಗಿತ್ತು. ಸಿಎಚ್340 ಚಿಪ್ಪಿನ ಕೇಬಲ್ ಅಗ್ಗದ್ದು, ತೂಕದ ಯಂತ್ರದಷ್ಟು ಸರಳ ಕೆಲಸಕ್ಕೆ ಅದೂ ಸಾಕಾಗುತ್ತದೆ.

ಕೇಬಲ್ ಹಾಕಿದ ಕೂಡಲೇ ಬಿಲ್ಲಿನ ಪ್ರೋಗ್ರಾಮನ್ನು ತೆರೆಯಬೇಡಿ. ಮೊದಲು ಪುಟ್ಟಿ ಎಂಬ ಉಚಿತ ಟರ್ಮಿನಲ್ ತಂತ್ರಾಂಶದಲ್ಲಿ ಆ ಪೋರ್ಟನ್ನು ತೆರೆದು, ತಕ್ಕಡಿಯ ಮೇಲೆ ಏನಾದರೂ ಇಟ್ಟು ನೋಡಿ. ಅಂಕಿಗಳು ಬಂದರೆ ಎಲ್ಲವೂ ಸರಿ. ಅರ್ಥವಿಲ್ಲದ ಚಿಹ್ನೆಗಳು ಬಂದರೆ ವೇಗ ಹೊಂದಿಲ್ಲವೆಂದು ತಿಳಿದು 2400, 4800, 9600 ಎಂದು ಒಂದೊಂದನ್ನೇ ಬದಲಾಯಿಸಿ ನೋಡಿ. ಹಳೆಯ ಕಂಪ್ಯೂಟರಿನ ಪ್ರೋಗ್ರಾಮಿನಲ್ಲಿ ಈ ಸಂಖ್ಯೆ ಬರೆದಿರುವ ಸಾಧ್ಯತೆಯೂ ಇದೆ. ಏನೂ ಬಾರದಿದ್ದರೆ ಪೋರ್ಟ್ ಸಂಖ್ಯೆ ತಪ್ಪಿರಬಹುದು, ಅಥವಾ ವೈರಿನ 2 ಮತ್ತು 3ನೆಯ ಪಿನ್ನುಗಳು ಅದಲುಬದಲಾಗಬೇಕಿರಬಹುದು. ಕೆಲವು ಯಂತ್ರಗಳು ಮಾತ್ರ ಅವುಗಳ ಪ್ರಿಂಟ್ ಗುಂಡಿ ಒತ್ತಿದಾಗ ಅಥವಾ ಕಂಪ್ಯೂಟರ್ ಕೇಳಿದಾಗಷ್ಟೇ ತೂಕ ಕಳುಹಿಸುತ್ತವೆ. ಟರ್ಮಿನಲ್ಲಿನಲ್ಲಿ ತೂಕ ಬಂದೂ ಬಿಲ್ಲಿನ ಪ್ರೋಗ್ರಾಮಿನಲ್ಲಿ ಬರದಿದ್ದರೆ, ಹೊಸ ಕೇಬಲ್ಲಿಗೆ ವಿಂಡೋಸ್ ಕಾಮ್5, ಕಾಮ್7 ಎಂಬಂಥ ಸಂಖ್ಯೆ ಕೊಟ್ಟಿದೆಯೇ ಎಂದು ಪರೀಕ್ಷಿಸಿ. ಹಳೆಯ ಪ್ರೋಗ್ರಾಮುಗಳಿಗೆ ಹೆಚ್ಚಾಗಿ 1ರಿಂದ 4ರವರೆಗಿನ ಸಂಖ್ಯೆಗಳಷ್ಟೇ ಗೊತ್ತು. ಡಿವೈಸ್ ಮ್ಯಾನೇಜರಿನಲ್ಲಿ ಆ ಪೋರ್ಟಿನ ಅಡ್ವಾನ್ಸ್ಡ್ ಸೆಟ್ಟಿಂಗ್‌ಗೆ ಹೋಗಿ ಅದನ್ನು ಕಾಮ್1 ಮಾಡಬಹುದು. ಡಾಸ್ ಫಾಕ್ಸ್‌ಪ್ರೋ ಆಗಿದ್ದರೆ ಡಾಸ್‌ಬಾಕ್ಸ್ ಎಕ್ಸ್‌ನ ಸೆಟ್ಟಿಂಗ್ ಕಡತದಲ್ಲೂ ಆ ಪೋರ್ಟಿನ ಹೆಸರನ್ನು ಬರೆಯಬೇಕು. ಅರ್ಧ ಗಂಟೆ ಬಿಲ್ ಹಾಕದಿದ್ದರೆ ತೂಕ ಬರುವುದು ನಿಲ್ಲುತ್ತದೆ ಎಂಬ ತೊಂದರೆ ಕಂಡರೆ, ಯುಎಸ್‌ಬಿ ಹಬ್ಬಿನ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ವಿದ್ಯುತ್ ಉಳಿಸಲು ಸಾಧನವನ್ನು ಆಫ್ ಮಾಡುವ ಆಯ್ಕೆಯನ್ನು ತೆಗೆದುಹಾಕಿ.

ತಕ್ಕಡಿ ಗೋದಾಮಿನಲ್ಲಿ, ಕಂಪ್ಯೂಟರ್ ಗದ್ದುಗೆಯ ಬಳಿ ಇರುವುದು ಮಂಡಿಗಳಲ್ಲಿ ಸಾಮಾನ್ಯ. ದೂರಕ್ಕೆ ವೈರ್ ಎಳೆಯಬೇಕಾದರೆ ಸೀರಿಯಲ್ ಬದಿಯನ್ನು ಉದ್ದ ಮಾಡಿ, ಯುಎಸ್‌ಬಿ ಬದಿಯನ್ನಲ್ಲ. ಆರ್‌ಎಸ್-232 ಸುಮಾರು 15 ಮೀಟರ್ ತಾಳುತ್ತದೆ, ಯುಎಸ್‌ಬಿ 5 ಮೀಟರಿಗೇ ಸೋಲುತ್ತದೆ. ಯಾವ ಕಾರಣಕ್ಕೂ ತೂಕದ ಯಂತ್ರದ ಪೆಟ್ಟಿಗೆಯನ್ನು ಬಿಚ್ಚಲು ಬಿಡಬೇಡಿ. ಹೊರಗಿನ ಸಾಕೆಟ್ಟಿಗೆ ವೈರ್ ಹಾಕುವುದರಲ್ಲಿ ತಪ್ಪಿಲ್ಲ, ಆದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮೊಹರು ಒಡೆದರೆ ಮತ್ತೆ ಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸದೆ ಆ ಯಂತ್ರದಲ್ಲಿ ವ್ಯಾಪಾರದ ತೂಕ ಮಾಡುವಂತಿಲ್ಲ.

ಸ್ಕ್ಯಾನರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದರ ಕೇಬಲ್ ಹೊಂದುತ್ತದೆ, ಡ್ರೈವರ್ ಇಲ್ಲ. ಕಂಪನಿ 64 ಬಿಟ್ ಡ್ರೈವರ್ ಬಿಡುಗಡೆ ಮಾಡಿದ್ದರೆ, ಅದು ವಿಂಡೋಸ್ 7 ಕಾಲದ್ದಾದರೂ, ಒಮ್ಮೆ ಹಾಕಿ ನೋಡಿ, ಎಷ್ಟೋ ಸಲ ನಡೆಯುತ್ತದೆ. ಇಲ್ಲದಿದ್ದರೆ ವ್ಯೂಸ್ಕ್ಯಾನ್ ಎಂಬ ತಂತ್ರಾಂಶವಿದೆ. ಅದು ಸಾವಿರಾರು ಹಳೆಯ ಸ್ಕ್ಯಾನರ್‌ಗಳ ಭಾಷೆಯನ್ನು ತಾನೇ ಬಲ್ಲದು. ಹಣ ಕೊಟ್ಟು ಕೊಳ್ಳಬೇಕಾದದ್ದಾದರೂ ಪರೀಕ್ಷಾ ಆವೃತ್ತಿ ಉಚಿತವಾಗಿರುವುದರಿಂದ, ನಿಮ್ಮ ಸ್ಕ್ಯಾನರ್ ನಡೆಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬಹುದು. ಆಧಾರ್, ಪಹಣಿ ಪ್ರತಿಗಳನ್ನು ಕಡತಕ್ಕೆ ಸೇರಿಸುವುದಷ್ಟೇ ನಿಮ್ಮ ಅಗತ್ಯವಾದರೆ ಮೊಬೈಲಿನ ಕ್ಯಾಮೆರಾ ಸಾಕು ಎಂಬುದು ನನ್ನ ಅಭಿಪ್ರಾಯ.

ಈ ಹುಡುಕಾಟದಲ್ಲಿ ನಿಮಗೆ ಎರಡು ಬಗೆಯ ಪ್ರಲೋಭನೆ ಎದುರಾಗುತ್ತದೆ. ನಿಮ್ಮ ಎಲ್ಲ ಡ್ರೈವರ್‌ಗಳನ್ನೂ ಒಂದೇ ಗುಂಡಿಯಲ್ಲಿ ಸರಿಪಡಿಸುತ್ತೇವೆ ಎನ್ನುವ ತಾಣಗಳು ಮೊದಲನೆಯದು. ಅವುಗಳಿಂದ ಏನನ್ನೂ ಇಳಿಸಿಕೊಳ್ಳಬೇಡಿ, ಕಂಪನಿಯ ಸ್ವಂತ ತಾಣ ಅಥವಾ ವಿಂಡೋಸ್ ಅಪ್‌ಡೇಟ್ ಬಿಟ್ಟು ಬೇರೆಡೆಯ ಡ್ರೈವರ್ ಬೇಡ. ಎರಡನೆಯದು ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಯನ್ನು ಆಫ್ ಮಾಡಿ, ಅಥವಾ ಡ್ರೈವರ್ ಸಹಿಯ ಪರೀಕ್ಷೆಯನ್ನೇ ನಿಲ್ಲಿಸಿ ಹಳೆಯ ಡ್ರೈವರನ್ನು ತುರುಕುವುದು. ಜಿಎಸ್‌ಟಿ ರಿಟರ್ನ್ ಸಲ್ಲಿಸುವ, ರೈತರ ಖಾತೆಗೆ ಹಣ ಹಾಕುವ ಕಂಪ್ಯೂಟರಿನಲ್ಲಿ ಒಂದು ಕೇಬಲ್ಲಿನ ಹಣ ಉಳಿಸಲು ಬಾಗಿಲಿನ ಚಿಲಕ ತೆಗೆದಿಡುವುದು ಸರಿಯಲ್ಲ.

ಹಳೆಯ ಕಂಪ್ಯೂಟರಿನ ವಿಷಯ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, ಸೆಕ್ಯೂರ್ ಬೂಟ್ ಎಂಬ ಸುರಕ್ಷಿತ ಆರಂಭದ ಸೌಲಭ್ಯ, ಇಂಟೆಲ್ ಆದರೆ ಸ್ಥೂಲವಾಗಿ ಎಂಟನೆಯ ತಲೆಮಾರಿನ ಪ್ರೊಸೆಸರ್ ಬೇಕು. 2011ರ ಕಂಪ್ಯೂಟರಿನಲ್ಲಿ ಇವು ಇರುವುದಿಲ್ಲ. ಈ ಪರೀಕ್ಷೆಗಳನ್ನು ತಪ್ಪಿಸಿ ಹಾಕಿಕೊಡುವವರು ಸಿಗುತ್ತಾರೆ, ಆದರೆ ಹಾಗೆ ಹಾಕಿದ ಕಂಪ್ಯೂಟರಿಗೆ ಅಪ್‌ಡೇಟ್ ಬಂದೇ ಬರುತ್ತದೆಂಬ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಿಂಡೋಸ್ 10 ಹಾಕಿಕೊಳ್ಳೋಣವೆಂದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ನಿಮ್ಮ ವಿಂಡೋಸ್ 7ರ ಬೆಂಬಲ ಮುಗಿದದ್ದು 2020ರ ಜನವರಿ 14ರಂದು, ಕ್ರೋಮ್ ಬ್ರೌಸರ್ ಕೂಡ 109ನೆಯ ಆವೃತ್ತಿಯ ನಂತರ ಅದನ್ನು ಕೈಬಿಟ್ಟಿದೆ. ಆದ್ದರಿಂದ ಆ ಕಂಪ್ಯೂಟರಿನ ಇಂಟರ್‌ನೆಟ್ ಸಂಪರ್ಕ ತೆಗೆದು, ಹಳೆಯ ಲೆಕ್ಕ ನೋಡಲು ಮತ್ತು ಸ್ಕ್ಯಾನರಿಗಾಗಿ ಮಾತ್ರ ಇಟ್ಟುಕೊಳ್ಳಿ. ಗಡಿಯಾರ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಮೇಲಿರುವ ಸಿಆರ್2032 ಬ್ಯಾಟರಿ ಬದಲಾಯಿಸಿ, ಇಲ್ಲದಿದ್ದರೆ ಬಿಲ್ಲಿನ ತಾರೀಖುಗಳು ಕೆಡುತ್ತವೆ. ಅದನ್ನೇ ಇಂಟರ್‌ನೆಟ್ಟಿಗೂ ಬಳಸಬೇಕೆಂದರೆ ಒಂದು ಎಸ್‌ಎಸ್‌ಡಿ ಹಾಕಿಸಿ ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯವ್ಯವಸ್ಥೆಯನ್ನು ಹಾಕಿ ನೋಡಬಹುದು. ವಿಂಡೋಸ್‌ನ ಹೊಸ ಡ್ರೈವರ್ ತಿರಸ್ಕರಿಸುವ ಪ್ರೊಲಿಫಿಕ್ ಚಿಪ್ಪುಗಳನ್ನು ಲಿನಕ್ಸ್ ಇಂದಿಗೂ ಗುರುತಿಸುತ್ತದೆ, ಹಲವು ಹಳೆಯ ಸ್ಕ್ಯಾನರ್‌ಗಳನ್ನೂ ನಡೆಸುತ್ತದೆ. ಹಳೆಯ ವಿಂಡೋಸ್ 7 ಅನ್ನು ಹೊಸ ಕಂಪ್ಯೂಟರಿನಲ್ಲಿ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸುವ ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದೊಳಗೆ ನಡೆಸುವುದು ಇನ್ನೊಂದು ದಾರಿ. ತಾಂತ್ರಿಕವಾಗಿ ಇದು ಚೆನ್ನಾಗಿಯೇ ನಡೆಯುತ್ತದೆ, ಆದರೆ ಕಂಪ್ಯೂಟರಿನ ಜೊತೆಗೇ ಬಂದ ವಿಂಡೋಸ್ ಪರವಾನಗಿ ಆ ಕಂಪ್ಯೂಟರಿಗಷ್ಟೇ ಸೀಮಿತವಾಗಿರುವುದರಿಂದ ಬೇರೆ ಪರವಾನಗಿ ಬೇಕಾಗುತ್ತದೆ.

ಈ ಬದಲಾವಣೆಗಳನ್ನು ಹರಾಜು ಇಲ್ಲದ ದಿನ ಆರಂಭಿಸಿ, ಕೆಲವು ವಾರ ಎರಡೂ ಕಂಪ್ಯೂಟರ್‌ಗಳಲ್ಲಿ ಅದೇ ಬಿಲ್ಲುಗಳನ್ನು ಹಾಕಿ ಮೊತ್ತ ತಾಳೆ ನೋಡಿ. ನಿಮ್ಮ ಪತ್ರದಲ್ಲಿ ಎರಡು ವಿವರಗಳಿಲ್ಲ: ಸ್ಕ್ಯಾನರಿನ ತಳದ ಚೀಟಿಯಲ್ಲಿರುವ ಮಾದರಿ ಸಂಖ್ಯೆ ಮತ್ತು ಫಾಕ್ಸ್‌ಪ್ರೋ ತೆರೆದಾಗ ಕಾಣುವ ಆವೃತ್ತಿ. ಅವುಗಳನ್ನು ಬರೆದು ಕಳುಹಿಸಿದರೆ ಸ್ಕ್ಯಾನರಿಗೆ ಡ್ರೈವರ್ ಇದೆಯೇ, ಡಾಸ್‌ಬಾಕ್ಸ್ ಎಕ್ಸ್‌ನಲ್ಲಿ ಯಾವ ಸೆಟ್ಟಿಂಗ್ ಬೇಕು ಎಂಬುದನ್ನು ಖಚಿತವಾಗಿ ತಿಳಿಸಬಹುದು.